ಹೊಸ ಗಿಟಾರಿಗೆ ಹಳೆಯ ಗೀರು

*ಇಂದಿನ ಧಮ್ಮ ಚಿಂತನೆ*
*ಇಂದಿನ ಪದ: ದುಬ್ಬಣ್ಣಕರಣ*



ಭೀಮಗೀತೆ ಹಾಡುವ ನಮ್ಮ ಹುಡುಗ ಹುಡುಗಿಯರ ಕೈಗೂ ಈಗ ಎಲೆಕ್ಟ್ರಿಕ್ ಗಿಟಾರ್ ಬಂದಿದೆ. ಇದನ್ನು ಕೊಳ್ಳಲು ಹೊರಟವರ ಮುಂದೆ ಒಂದು ವಿಚಿತ್ರ ಆಯ್ಕೆ ಇರುತ್ತದೆ. ಕನ್ನಡಿಯಂತೆ ಹೊಳೆಯುವ ಗಿಟಾರ್ ಒಂದು. ಬಣ್ಣ ಕಿತ್ತು, ಅಂಚು ಸವೆದು, ಸ್ಕ್ರೂಗಳಿಗೆ ತುಕ್ಕು ಹಿಡಿದಂತೆ ಕಾಣುವ ಗಿಟಾರ್ ಇನ್ನೊಂದು. ಎರಡೂ ಹೊಸವೇ. ಎರಡನೆಯದನ್ನು ಕಾರ್ಖಾನೆಯಲ್ಲೇ ಹಳೆಯದಾಗಿ ಕಾಣುವಂತೆ ಮಾಡಿ ಕಳಿಸಿರುತ್ತಾರೆ. ಕೆಲವರಿಗೆ ಅದೆಂದರೆ ಪ್ರಾಣ, ಕೆಲವರಿಗೆ ನಗು. ‘ಅವರವರ ಅಭಿರುಚಿ’ ಎಂದು ಮಾತು ಮುಗಿಸಿಬಿಡಬಹುದು. ಆದರೆ ಈ ಇಷ್ಟ ನನ್ನೊಳಗೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದೂ ಧಮ್ಮದ ಅಭ್ಯಾಸವೇ. ಇಂದು ಅದನ್ನು ನೋಡೋಣ.

*1. ಬಣ್ಣ ಮಾಗಿದ ಕಥೆ*

ಅಮೆರಿಕದ ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ 1954ರಲ್ಲಿ ಸ್ಟ್ರ್ಯಾಟೊಕಾಸ್ಟರ್ ಎಂಬ ಗಿಟಾರನ್ನು ಹೊರತಂದಿತು. ಆಗ ಅದರ ಸಾಮಾನ್ಯ ಬಣ್ಣ ಸನ್‌ಬರ್ಸ್ಟ್. ನಡುವೆ ಜೇನಿನ ಹಳದಿ, ಅಂಚಿಗೆ ಹೋದಂತೆ ಕಪ್ಪು. ಬೇರೆ ಬಣ್ಣ ಬೇಕೆಂದವರು ಶೇ. 5ರಷ್ಟು ಹೆಚ್ಚು ಹಣ ಕೊಡಬೇಕಿತ್ತು. ಆ ಬಣ್ಣಗಳು ಕಾರಿಗೆ ಹೊಡೆಯುವ ಡುಪಾಂಟ್ ಕಂಪನಿಯ ಬಣ್ಣಗಳು. ‘ಫಿಯೆಸ್ಟಾ ರೆಡ್’ ಫೋರ್ಡ್ ಕಾರಿನದು, ‘ಲೇಕ್ ಪ್ಲಾಸಿಡ್ ಬ್ಲೂ’ ಕ್ಯಾಡಿಲಾಕ್ ಕಾರಿನದು.

ಅಂದು ಹೆಚ್ಚಾಗಿ ಬಳಸುತ್ತಿದ್ದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳುವಾದ ಲೇಪನ. ವರ್ಷ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಬಿಳಿ ಗಿಟಾರ್ ಕೆನೆಬಣ್ಣವಾಗುತ್ತದೆ, ನೀಲಿ ಗಿಟಾರ್ ಹಸಿರಿನತ್ತ ಹೊರಳುತ್ತದೆ. ಚಳಿ ಸೆಕೆಗಳ ಏರಿಳಿತಕ್ಕೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಮುಂಗೈ ಉಜ್ಜುವ ಕಡೆ, ಬೆಲ್ಟಿನ ಬಕಲ್ ತಾಗುವ ಕಡೆ ಬಣ್ಣ ಹೋಗಿ ಮರ ಕಾಣುತ್ತದೆ. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಸನ್‌ಬರ್ಸ್ಟ್ ಲೆಸ್ ಪಾಲ್ ಗಿಟಾರುಗಳ ಕೆಂಪು ಬೆಳಕಿಗೆ ಮಾಸಿತು. ಕೆಲವು ನಿಂಬೆಹಳದಿಯಾದವು, ಕೆಲವು ಚಹಾ ಬಣ್ಣಕ್ಕೆ ಬಂದವು. ಒಂದೇ ಕಾರ್ಖಾನೆಯಿಂದ ಒಂದೇ ಬಣ್ಣದಲ್ಲಿ ಹೊರಟವು ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣವಾದವು. ಅನಿಚ್ಚವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

*2. ನುಡಿಸಿ ಬಂದ ಸವೆತ*

ಐರ್ಲೆಂಡಿನ ರೋರಿ ಗ್ಯಾಲಹರ್ ತಮ್ಮ 15ನೇ ವಯಸ್ಸಿನಲ್ಲಿ, 1963ರಲ್ಲಿ, ಕಾರ್ಕ್ ನಗರದ ಅಂಗಡಿಯೊಂದರಲ್ಲಿ 100 ಪೌಂಡಿಗೆ ಒಂದು ಸ್ಟ್ರ್ಯಾಟೊಕಾಸ್ಟರ್ ಕೊಂಡರು. ಅದೂ ಕಂತಿನ ಮೇಲೆ. ಒಮ್ಮೆ ಅದು ಕಳುವಾಗಿ, ಮಳೆಗೆ ನೆನೆದ ಸ್ಥಿತಿಯಲ್ಲಿ ಹಳ್ಳದಲ್ಲಿ ಸಿಕ್ಕಿತು. ಬೆವರಿಗೆ, ಮಳೆಗೆ, ದಶಕಗಳ ಕಛೇರಿಗಳಿಗೆ ಬಣ್ಣವೆಲ್ಲ ಎದ್ದುಹೋಗಿ ಬರಿಮರ ಉಳಿಯಿತು. 1995ರಲ್ಲಿ ಅವರು ತೀರಿಕೊಂಡರು. 2024ರಲ್ಲಿ ಲಂಡನ್ನಿನಲ್ಲಿ ಆ ಗಿಟಾರ್ ಹರಾಜಾಗಿ, ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ನಮ್ಮ ಪರಂಪರೆಯಲ್ಲಿ ಇಂಥ ವಸ್ತುವಿಗೆ ಒಂದು ಹೆಸರಿದೆ. ಭಗವಾನ್ ಬುದ್ಧರು ಬಳಸಿದ ಪಾತ್ರೆ, ಚೀವರಗಳನ್ನು ‘ಪಾರಿಭೋಗಿಕ’ ಎನ್ನುತ್ತಾರೆ. ಬಳಕೆಯಿಂದಲೇ ಗೌರವ ಪಡೆದವು ಎಂದು ಅರ್ಥ. ನಾಗಪುರದ ಬಳಿಯ ಚಿಚೋಳಿಯಲ್ಲಿ ಬಾಬಾಸಾಹೇಬರ ಬಟ್ಟೆಬರೆ, ಟೈಪ್‌ರೈಟರ್ ಕಾಪಾಡಿಟ್ಟಿದ್ದಾರೆ. ಅವುಗಳ ಮುಂದೆ ನಿಂತವರ ಕಣ್ಣು ತುಂಬುವುದು ಅವು ಹಳೆಯವೆಂದಲ್ಲ, ಅವುಗಳಿಂದ ಯಾವ ಕೆಲಸ ನಡೆಯಿತು ಎಂಬುದು ಗೊತ್ತಿರುವುದರಿಂದ.

*3. ಕಾರ್ಖಾನೆಯ ಸವೆತ*

ಅದೇ 1995ರಲ್ಲಿ ಫೆಂಡರ್‌ನ ಕಸ್ಟಮ್ ಶಾಪ್ ‘ರೆಲಿಕ್’ ಎಂಬ ಹೆಸರಿನಲ್ಲಿ ಹಳೆಯದಾಗಿಸಿದ ಹೊಸ ಗಿಟಾರುಗಳನ್ನು ಮಾರುಕಟ್ಟೆಗೆ ತಂದಿತು. ಮೊದಲಲ್ಲಿ ಈ ಕೆಲಸ ಮಾಡಿಕೊಟ್ಟವರು ವಿನ್ಸ್ ಕುನೆಟ್ಟೊ ಎಂಬ ಕುಶಲಕರ್ಮಿ. ಈ ಕಸುಬಿನಲ್ಲಿ ಲೇಪನವನ್ನು ಉಜ್ಜಿ ಮರ ಕಾಣಿಸುತ್ತಾರೆ, ಲೋಹದ ಭಾಗಗಳನ್ನು ಆಮ್ಲದಿಂದ ಮಂಕಾಗಿಸುತ್ತಾರೆ, ಬ್ಲೇಡಿನಿಂದ ಬಿರುಕಿನ ಗೆರೆ ಎಳೆಯುತ್ತಾರೆ, ಬಿಳಿ ಪ್ಲಾಸ್ಟಿಕ್ಕಿಗೆ ಹಳದಿ ಹಿಡಿಸುತ್ತಾರೆ. ಸವೆತದಲ್ಲಿ ದರ್ಜೆಗಳೂ ಇವೆ. ‘ಕ್ಲೋಸೆಟ್ ಕ್ಲಾಸಿಕ್’ ಎಂದರೆ ಬೀರುವಿನಲ್ಲಿಟ್ಟು ಅಪರೂಪಕ್ಕೆ ನುಡಿಸಿದಂತೆ, ‘ಹೆವಿ ರೆಲಿಕ್’ ಎಂದರೆ ಜೀವಮಾನವೆಲ್ಲ ನುಡಿಸಿದಂತೆ. 2020ರಲ್ಲಿ ಗಿಬ್ಸನ್ ಕೂಡ ‘ಮರ್ಫಿ ಲ್ಯಾಬ್’ ಎಂದು ಇದೇ ಕೆಲಸಕ್ಕೊಂದು ವಿಭಾಗ ತೆರೆಯಿತು. ಮೇಲೆ ಹೇಳಿದ ರೋರಿಯವರ ಗಿಟಾರಿನ ಸವೆತವನ್ನೂ ಫೆಂಡರ್ ಹಾಗೆಯೇ ನಕಲು ಮಾಡಿ ಮಾರಿದೆ.

ಇಷ್ಟಪಡುವವರ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಲೇಪನ ಸವೆದ ನೆಕ್ ಅಂಗೈಗೆ ಅಂಟುವುದಿಲ್ಲ. ಮೊದಲ ಗೀರು ಬೀಳುತ್ತದೆಂಬ ಭಯವಿಲ್ಲದೆ ನುಡಿಸಬಹುದು. ಕೆಲಸಗಾರರ ಕೈಚಳಕವೂ ದೊಡ್ಡದು. ಆದರೆ ಹೆಸರನ್ನು ಗಮನಿಸಿ. ‘ರೆಲಿಕ್’ ಎಂದರೆ ಪೂಜ್ಯರು ಬಿಟ್ಟುಹೋದ ಅವಶೇಷ, ನಾವು ‘ಧಾತು’ ಎನ್ನುವುದು. ಇಲ್ಲಿ ಅವಶೇಷವಿದೆ, ಬಿಟ್ಟುಹೋದವರು ಯಾರೂ ಇಲ್ಲ.

*4. ದುಬ್ಬಣ್ಣಕರಣ*

ಹೊಸದನ್ನು ಬೇಕೆಂದೇ ಕೆಡಿಸುವ ಒಂದು ಪದ್ಧತಿ ವಿನಯಪಿಟಕದಲ್ಲೂ ಇದೆ. ಹೊಸ ಚೀವರ ಸಿಕ್ಕ ಭಿಕ್ಖು ಅದನ್ನು ತೊಡುವ ಮೊದಲು ನೀಲಿ, ಕೆಸರು, ಕಡುಕಂದು ಈ ಮೂರರಲ್ಲಿ ಒಂದರಿಂದ ಅದರ ಮೇಲೆ ಗುರುತು ಹಾಕಲೇಬೇಕು. ಕಳ್ಳರು ದೋಚಿದ ಚೀವರಗಳು ಮರಳಿ ಸಿಕ್ಕಾಗ ಭಿಕ್ಖುಗಳಿಗೆ ತಮ್ಮದು ಯಾವುದೆಂದು ಗೊತ್ತಾಗದೆ ಈ ನಿಯಮ ಬಂತು. ಇದೇ ದುಬ್ಬಣ್ಣಕರಣ, ಬಣ್ಣಗೆಡಿಸುವುದು. ಈ ಪದದಲ್ಲಿರುವ ‘ಬಣ್ಣ’ ನಮ್ಮ ಕನ್ನಡದ ಬಣ್ಣದ ಒಡಹುಟ್ಟು. ಎರಡೂ ‘ವರ್ಣ’ದಿಂದ ಬಂದವು.

ಚೀವರದ ಕಲೆ ವಸ್ತುವಿನ ಬೆಲೆ ಇಳಿಸುತ್ತದೆ, ಜೊತೆಗೆ ‘ಇದು ಹೊಸದು, ನನ್ನದು’ ಎಂಬ ತಣ್ಹಾ ಕೂಡ ಇಳಿಯುತ್ತದೆ. ಕಸ್ಟಮ್ ಶಾಪಿನ ಕಲೆ ಬೆಲೆ ಏರಿಸುತ್ತದೆ. ಎಷ್ಟೋ ಮಂದಿ ಅದರ ಮೇಲೆ ಇನ್ನೊಂದು ಗೀರು ಬೀಳದಂತೆ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ.

*5. ನಮಗೆ ಇದು ಯಾಕೆ ಮುಖ್ಯ*

ಸವೆದ ಗಿಟಾರ್ ಮೆಚ್ಚುವವರಲ್ಲಿ ಕೆಲವರು ಹೊಳಪನ್ನು ‘ಚೀಪ್’ ಎನ್ನುತ್ತಾರೆ. ಹರಿದ ಜೀನ್ಸ್ ವಿಷಯದಲ್ಲೂ ಇಂಥದೇ ಮಾತು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು.

ಹಳೆಯದನ್ನು ತೊಡುವುದು ನಮ್ಮ ಹಿರಿಯರಿಗೆ ಆಯ್ಕೆಯಾಗಿರಲಿಲ್ಲ. ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆ, ಕಬ್ಬಿಣದ ಒಡವೆ ಎಂದು ಮನುಸ್ಮೃತಿಯ 10ನೇ ಅಧ್ಯಾಯ ಬರೆದಿಟ್ಟಿತು. ವರ್ಣ ಎಂಬ ಪದಕ್ಕೆ ಆ ಅರ್ಥವೂ ಅಂಟಿಕೊಂಡಿತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಗ್ರಂಥವನ್ನು ಸುಟ್ಟರು. ಅದೇ ಸಮ್ಮೇಳನದ ದಿನಗಳಲ್ಲಿ ನಮ್ಮ ತಾಯಂದಿರಿಗೆ, ಶುಚಿಯಾದ ಬಟ್ಟೆ ಉಡಿ, ಸೀರೆಯನ್ನು ಪಾದದವರೆಗೆ ಉಡಿ, ಜಾತಿ ಹೇಳುವ ಒಡವೆಗಳನ್ನು ಬಿಡಿ ಎಂದು ತಿಳಿಹೇಳಿದರು. ಅವರ ಸೂಟು ಕೋಟೂ ಅದೇ ಮಾತನ್ನು ಹೇಳುತ್ತಿತ್ತು.

ಹಾಗಾಗಿ ಜಯಂತಿಯ ದಿನ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಡುವ ಅಪ್ಪನಿಗೆ, ಮಗಳ ಕೈಯಲ್ಲಿ ಮಿರಮಿರ ಮಿಂಚುವ ಕೆಂಪು ಗಿಟಾರನ್ನೇ ನೋಡಬೇಕೆನ್ನುವ ಅವ್ವನಿಗೆ ಅಭಿರುಚಿ ಇಲ್ಲವೆಂದಲ್ಲ. ಅವರ ಅಭಿರುಚಿಗೆ ಒಂದು ಹೋರಾಟದ ಇತಿಹಾಸವಿದೆ. ಇನ್ನು ಸವೆದದ್ದೇ ಬೇಕೆನ್ನುವ ಮಗ ತಪ್ಪು ಮಾಡುತ್ತಿಲ್ಲ. ಆಯ್ಕೆ ಮಾಡುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿದೆ ಎಂಬುದೇ ಸಂತೋಷ. ಆದರೆ ಆ ಸ್ವಾತಂತ್ರ್ಯ ಹೇಗೆ ಬಂತೆಂದು ಅವನಿಗೆ ತಿಳಿದಿರಬೇಕು. ತಾನು ಪಡದ ಶ್ರಮದ ಗುರುತನ್ನು ಹೆಮ್ಮೆಯ ಪದಕ ಮಾಡಿಕೊಳ್ಳಬಾರದು, ಹೊಳಪು ಮೆಚ್ಚುವವರನ್ನು ನೋಡಿ ನಗಬಾರದು. ಹೊಳೆಯುವುದನ್ನು ಕೊಂಡವರು ಮೊದಲ ಗೀರಿಗೆ ಹೆದರದೆ ನುಡಿಸಲಿ. ಹೇಗಿದ್ದರೂ ಮುಂದಿನ ಸವೆತ ನಮ್ಮ ಕೈಯಿಂದಲೇ ಬರಬೇಕು.

*ಇಂದಿನ ಅಭ್ಯಾಸ*

1. ನಿಮಗೆ ತುಂಬ ಇಷ್ಟವಾದ ಒಂದು ವಸ್ತುವನ್ನು ಮುಂದಿಟ್ಟುಕೊಳ್ಳಿ. ಅದರ ಮೇಲಿನ ಒಂದು ಗುರುತು ಯಾವ ಕೆಲಸದಿಂದ ಬಂತೆಂದು ನೆನೆಯಿರಿ.
2. ಇನ್ನೊಬ್ಬರ ಬಟ್ಟೆ, ಮೊಬೈಲ್, ಗಾಡಿ ನೋಡಿ ‘ಟೇಸ್ಟ್ ಇಲ್ಲ’ ಎಂದು ಮನಸ್ಸು ಹೇಳಿದರೆ, ಆ ಮಾತು ಎಲ್ಲಿ ಕಲಿತದ್ದೆಂದು ಕೇಳಿಕೊಳ್ಳಿ.
3. ಮನೆಯ ಹಿರಿಯರನ್ನು ಕೇಳಿ: ನೀವು ಮೊದಲ ಬಾರಿ ಹೊಸ ಬಟ್ಟೆ ಉಟ್ಟದ್ದು ಯಾವಾಗ? ಅವರ ಉತ್ತರವನ್ನು ಮಕ್ಕಳ ಮುಂದೆಯೇ ಕೇಳಿಸಿಕೊಳ್ಳಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.