ಹಳೆಯ ಜೀಪು: ದುರಸ್ತಿ, ಸುಧಾರಣೆ ಮತ್ತು ಮಾರ್ಪಾಡು
(ಲೆಕ್ಕಪತ್ರ ಹಾಗೂ ಕಾನೂನಿನ ದೃಷ್ಟಿಯಿಂದ ಒಂದು ಅಧ್ಯಯನ)

ಯಾದಗಿರಿ, ಶಹಾಪುರ, ಸುರಪುರ ಭಾಗದ ಹತ್ತಿ ಗಿರಣಿ, ಅಕ್ಕಿ ಗಿರಣಿ ಹಾಗೂ ಅಡತಿ ಅಂಗಡಿಗಳ ಹಿತ್ತಲಿನಲ್ಲಿ ಇಂದಿಗೂ ಒಂದೊಂದು ಹಳೆಯ ಜೀಪು ನಿಂತಿರುವುದನ್ನು ಕಾಣಬಹುದು. ಇದಕ್ಕೆ ಕಾರಣ ನಮ್ಮ ಎರೆ ಭೂಮಿ. ಎರಡು ದಿನ ಮಳೆ ಹಿಡಿದರೆ ಹೊಲದ ದಾರಿಗಳಲ್ಲಿ ಸಾಮಾನ್ಯ ಕಾರು ಹೆಜ್ಜೆ ಮುಂದಿಡಲಾರದು. ಅಂಟು ಮಣ್ಣು ಚಕ್ರದ ಸುತ್ತ ಸುತ್ತಿಕೊಂಡು ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಬದಿಯ ಹಾದಿಗಳಲ್ಲಿ ಬೆಳೆ ನೋಡಲು, ರೈತರಿಗೆ ಮುಂಗಡ ಕೊಡಲು, ಮಾಲು ತೂಗಿಸಲು ಹೋಗುವ ವ್ಯಾಪಾರಿಗೆ ನಾಲ್ಕೂ ಚಕ್ರಗಳಿಗೆ ಬಲ ನೀಡುವ ವಾಹನವು ಕಸುಬಿನ ಸಾಧನವೇ ಆಗಿದೆ.

ಆದರೆ ಲೆಕ್ಕ ಪರಿಶೋಧನೆಗೆ ಬರುವ ಪುಸ್ತಕಗಳಲ್ಲಿ ಈ ಸಾಧನದ ಬಗ್ಗೆ ಇರುವುದು ಹೆಚ್ಚಾಗಿ ಒಂದೇ ಸಾಲು: ‘ಜೀಪು ರಿಪೇರಿ, ಒಟ್ಟು ಇಷ್ಟು’. ಆ ಒಂದು ಸಾಲಿನೊಳಗೆ ಆಯಿಲ್ ಬದಲಾವಣೆಯೂ ಇರುತ್ತದೆ, ಹೊಸ ಹವಾನಿಯಂತ್ರಕವೂ ಇರುತ್ತದೆ, ಕೆಲವೊಮ್ಮೆ ಬೇರೆ ಜಾತಿಯ ಇಂಜಿನ್ನೂ ಇರುತ್ತದೆ. ಈ ಮೂರೂ ಒಂದೇ ಬಗೆಯ ಖರ್ಚಲ್ಲ. ಇವುಗಳನ್ನು ಬೇರ್ಪಡಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

1. ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಹಳೆಯ ಜೀಪೊಂದನ್ನು ಕೊಂಡರು. ಬೆಲೆ ಕಡಿಮೆಯಿತ್ತು, ಓಟ ಚೆನ್ನಾಗಿತ್ತು. ಎರಡು ವರ್ಷಗಳಲ್ಲಿ ದುರಸ್ತಿಗೆಂದು ಕೊಂಡ ಬೆಲೆಯ ಅರ್ಧಕ್ಕೂ ಮಿಕ್ಕಿ ಹಣ ಹಾಕಿದರು. ನೋಂದಣಿಯ ನವೀಕರಣಕ್ಕೆ ಒಯ್ದಾಗ ಇಂಜಿನ್ನಿನ ಮೇಲಿನ ಸಂಖ್ಯೆಗೂ ನೋಂದಣಿ ಪತ್ರದ ಸಂಖ್ಯೆಗೂ ತಾಳೆಯಾಗಲಿಲ್ಲ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಹೆಚ್ಚು ಶಕ್ತಿಯ ಬೇರೆ ಇಂಜಿನ್ ಕೂಡಿಸಿದ್ದರು; ಅನುಮತಿಯೂ ಇರಲಿಲ್ಲ, ಖರೀದಿಯ ಬಿಲ್ಲೂ ಇರಲಿಲ್ಲ. ನವೀಕರಣ ನಿಂತಿತು. ಆ ಜೀಪು ಈಗ ಬೇವಿನ ಮರದ ಕೆಳಗೆ ನಿಂತಿದೆ. ಹಾಕಿದ ಹಣವೆಲ್ಲವೂ ಒಳ್ಳೆಯ ಕೆಲಸಕ್ಕೇ ಹೋಗಿತ್ತು. ಆದರೆ ಮೊದಲು ನೋಡಬೇಕಾದುದನ್ನು ಕೊನೆಗೆ ನೋಡಿದ್ದರು.

2. ವಾಹನಗಳ ಹಿನ್ನೆಲೆ

ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. 1980ರ ದಶಕದಲ್ಲಿ ಬಂದ ಎಂಎಂ 540 ಮಾದರಿಯು ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಇಂಜಿನ್ ಹೊಂದಿತ್ತು. ಮಾರುತಿ ಜಿಪ್ಸಿಯು 1985ರಲ್ಲಿ 970 ಸಿಸಿ ಪೆಟ್ರೋಲ್ ಇಂಜಿನ್ನಿನೊಡನೆ ಬಂದು, 1996ರಲ್ಲಿ 1298 ಸಿಸಿ ಇಂಜಿನ್ ಪಡೆಯಿತು. ಇವುಗಳಲ್ಲಿ ಅನೇಕ ವಾಹನಗಳು ಸರ್ಕಾರಿ ಇಲಾಖೆಗಳ ಹರಾಜಿನಿಂದ ಖಾಸಗಿ ಮಾಲೀಕರ ಕೈಸೇರಿದವು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದಿಲ್ಲವಾದ್ದರಿಂದ, ಅವು ರಸ್ತೆಗೆ ಮರಳುವ ಬದಲು ಗುಜರಿ ಕೇಂದ್ರಕ್ಕೆ ಹೋಗುತ್ತವೆ. ಹೀಗಾಗಿ ಸರಿಯಾದ ಕಾಗದಪತ್ರವುಳ್ಳ ಹಳೆಯ ಜೀಪಿನ ಬೆಲೆ ಹೆಚ್ಚುತ್ತಿದೆ. ಕಾಗದಪತ್ರವಿಲ್ಲದ್ದು ಕಬ್ಬಿಣದ ತೂಕಕ್ಕೆ ಇಳಿಯುತ್ತಿದೆ.

ಖಾಸಗಿ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ಬಳಿಕ ಐದೈದು ವರ್ಷಗಳಿಗೆ ನವೀಕರಿಸಬೇಕು. ಹಗುರ ಮೋಟಾರು ವಾಹನಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದ್ದು, 20 ವರ್ಷ ಮೀರಿದ ವಾಹನಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯೂ ಉಂಟು. ಹಳೆಯ ಜೀಪನ್ನು ಕೊಳ್ಳುವವರು ಬೆಲೆಯೊಂದಿಗೆ ಇದನ್ನೂ ಕೂಡಿಸಿ ನೋಡಬೇಕು.

3. ದುರಸ್ತಿ: ಇದ್ದುದನ್ನು ಇದ್ದಂತೆ ಉಳಿಸುವುದು

ಆಯಿಲ್, ಫಿಲ್ಟರ್, ಬ್ರೇಕ್ ಶೂ, ಕ್ಲಚ್ ಪ್ಲೇಟು, ಬೇರಿಂಗ್, ಮುರಿದ ಪಾಟಾ, ಅದೇ ಅಳತೆಯ ಟೈರು, ಇಂಜಿನ್ನಿನ ಬೋರಿಂಗ್ ಮಾಡಿಸಿ ಪಿಸ್ಟನ್ ಮತ್ತು ರಿಂಗ್ ಬದಲಿಸುವುದು, ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಮೊತ್ತ ದೊಡ್ಡದೆಂಬ ಒಂದೇ ಕಾರಣಕ್ಕೆ ಖರ್ಚು ಬಂಡವಾಳ ವೆಚ್ಚವಾಗುವುದಿಲ್ಲ. ಇರುವ ಸ್ವತ್ತನ್ನು ಸುಸ್ಥಿತಿಯಲ್ಲಿಡುವುದಕ್ಕಾಗಿ ಮಾಡಿದ ವೆಚ್ಚವೇ, ಅಥವಾ ಹೊಸ ಸ್ವತ್ತನ್ನೋ ಹೊಸ ಪ್ರಯೋಜನವನ್ನೋ ತಂದಿತೇ ಎಂಬುದೇ ಒರೆಗಲ್ಲು. 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಒರೆಗಲ್ಲನ್ನು ಬಳಸಿ, ಗಿರಣಿಯೊಳಗಿನ ಒಂದು ಇಡೀ ಯಂತ್ರವನ್ನು ತೆಗೆದು ಹೊಸದನ್ನು ಕೂಡಿಸುವುದು ‘ಚಾಲ್ತಿ ದುರಸ್ತಿ’ ಅಲ್ಲವೆಂದು ತೀರ್ಮಾನಿಸಿತು. ಜೀಪಿಗೆ ಅನ್ವಯಿಸಿ ಹೇಳುವುದಾದರೆ, ಜೀಪು ಒಂದು ಸ್ವತ್ತು. ಕ್ಲಚ್ ಪ್ಲೇಟು ಅದರ ಒಂದು ಭಾಗ ಮಾತ್ರ.

ಇಲ್ಲಿ ಒಂದು ವ್ಯಾವಹಾರಿಕ ಮಾತನ್ನೂ ಹೇಳಬೇಕು. ಈ ಹಳೆಯ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರುವುದರಿಂದ ತೊಂದರೆಯಿಲ್ಲ. ಆದರೆ ಕೆಸರು ದಾಟಿದ ಮೇಲೂ ಲಿವರ್ ಬಿಡಿಸದೆ ಒಣ ಡಾಂಬರು ರಸ್ತೆಯಲ್ಲಿ ಓಡಿಸಿದರೆ, ತಿರುವಿನಲ್ಲಿ ಗೇರು, ಜಾಯಿಂಟು ಮತ್ತು ಟೈರುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಅಂತೆಯೇ ಹಳ್ಳದ ನೀರಿನಲ್ಲಿ ಇಳಿಸಿದ ಬಳಿಕ ಹಬ್ ಹಾಗೂ ಹೌಸಿಂಗ್‌ಗಳ ಆಯಿಲ್, ಗ್ರೀಸುಗಳನ್ನು ಪರೀಕ್ಷಿಸಬೇಕು. ನೀರು ಸೇರಿದ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಚಾಲಕನಿಗೆ ಈ ಎರಡು ಸಂಗತಿಗಳನ್ನು ತಿಳಿಸಿದರೆ ದುರಸ್ತಿ ಖಾತೆಯೇ ಚಿಕ್ಕದಾಗುತ್ತದೆ.

4. ಸುಧಾರಣೆ: ಹೊಸ ಪ್ರಯೋಜನವನ್ನು ಸೇರಿಸುವುದು

ಹಿಂದೆ ಇಲ್ಲದಿದ್ದ ಹವಾನಿಯಂತ್ರಕವನ್ನು ಕೂಡಿಸಿದರೆ ವಾಹನಕ್ಕೆ ಹೊಸ ಪ್ರಯೋಜನ ಬಂದಂತಾಯಿತು. ಈ ವೆಚ್ಚವನ್ನು ಸ್ವತ್ತಿನ ಮೌಲ್ಯಕ್ಕೆ ಸೇರಿಸಿ, ಶೇ. 15ರ ದರದಲ್ಲಿ ಸವಕಳಿ ತೆಗೆಯಬೇಕು. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ ದೊರೆಯುತ್ತದೆ. ಬಾಡಿಗೆಗೆ ಓಡಿಸುವ ವಾಹನಗಳ ಶೇ. 30ರ ದರವು ಸ್ವಂತ ಬಳಕೆಯ ಜೀಪಿಗೆ ಅನ್ವಯಿಸದು.

ಜೀಪು ಅಂಗಡಿಯ ಕೆಲಸಕ್ಕೂ ಮನೆಯವರ ತಿಂಥಣಿ ಯಾತ್ರೆಗೂ ಬಳಕೆಯಾಗುತ್ತಿದ್ದರೆ, ಮನೆಯ ಬಳಕೆಯ ಪಾಲನ್ನು ದುರಸ್ತಿ ಮತ್ತು ಸವಕಳಿ ಎರಡರಲ್ಲಿಯೂ ಬಿಡಬೇಕು. ಇದಕ್ಕಾಗಿ ಒಂದು ಓಟದ ಪುಸ್ತಕವನ್ನು ಇಡುವುದು ಲೇಸು.

5. ಮಾರ್ಪಾಡು: ಮೊದಲು ಅನುಮತಿ, ಆಮೇಲೆ ಕೆಲಸ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. ವಾಹನದ ರಚನೆಯಲ್ಲಿ ಅದರ ಮೂಲ ಲಕ್ಷಣವನ್ನೇ ಬದಲಿಸುವಂಥದು ಮಾರ್ಪಾಡು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆ. ಜಯಚಂದ್ರ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನು ಸಹ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಅದೇ ಮಾದರಿಯ ಇಂಜಿನ್ ಕೂಡಿಸಿದರೂ ಸಂಖ್ಯೆ ಬದಲಾಗುವುದರಿಂದ ಈ ಕ್ರಮವನ್ನು ತಪ್ಪಿಸುವಂತಿಲ್ಲ. ಮುಂಭಾಗಕ್ಕೆ ಹಾಕಿಸುವ ಉಕ್ಕಿನ ಕ್ರ್ಯಾಶ್ ಗಾರ್ಡುಗಳೂ 52ನೆಯ ಪ್ರಕರಣಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿತ್ತು.

ನಮ್ಮ ಭಾಗದಲ್ಲಿ ಇನ್ನೂ ಒಂದು ಮಾರ್ಪಾಡನ್ನು ಕಾಣುತ್ತೇವೆ. ಹಿಂಭಾಗವನ್ನು ಉದ್ದ ಮಾಡಿಸಿ, ಅಡ್ಡ ಬೆಂಚುಗಳನ್ನು ಕೂಡಿಸಿ, ಹತ್ತಿ ಬಿಡಿಸಲು ಮತ್ತು ಮೆಣಸಿನಕಾಯಿ ಹರಿಯಲು ಕೂಲಿಯವರನ್ನು ತುಂಬಿಕೊಂಡು ಹೋಗುವುದು. ಉದ್ದಗೊಳಿಸಿದ ಚೌಕಟ್ಟಿಗೆ ಹಳೆಯ ಬ್ರೇಕು ಸಾಲದು. ಎತ್ತರದ ವಾಹನ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ನೋಂದಣಿ ಪತ್ರದಲ್ಲಿರುವ ಆಸನಗಳಿಗಿಂತ ಹೆಚ್ಚು ಜನ ಕುಳಿತಿದ್ದಾಗ ಅಪಘಾತ ಸಂಭವಿಸಿದರೆ, ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸಲು ಅಥವಾ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡಲು ಕೋರಬಹುದು. ಕೂಲಿಯವರ ಕುಟುಂಬಕ್ಕಾಗುವ ನಷ್ಟವನ್ನಂತೂ ಯಾವ ಖಾತೆಯಲ್ಲಿಯೂ ಬರೆಯಲಾಗದು. ಆ ಬೆಂಚುಗಳನ್ನು ಇಂದೇ ತೆಗೆಸುವುದು ವಿವೇಕ.

ತೆರಿಗೆಯ ದೃಷ್ಟಿಯಿಂದಲೂ ಇಲ್ಲೊಂದು ತೊಡಕಿದೆ. ಕಾನೂನು ನಿಷೇಧಿಸಿದ ಅಥವಾ ಅಪರಾಧವೆನಿಸುವ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಆದುದರಿಂದ ಅನುಮತಿಯಿಲ್ಲದ ಮಾರ್ಪಾಡಿನ ಬಿಲ್ಲನ್ನು ದುರಸ್ತಿಯೆಂದು ಬರೆದರೂ, ತೆರಿಗೆ ಅಧಿಕಾರಿ ಅದನ್ನು ಪ್ರಶ್ನಿಸಲು ಅವಕಾಶವಾಗುತ್ತದೆ.

6. ಒಂದು ಉದಾಹರಣೆ

ಶಹಾಪುರದ ಒಂದು ಪಾಲುದಾರಿಕೆ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ 2,40,000 ರೂಪಾಯಿಗೆ ಹಳೆಯ ಜೀಪನ್ನು ಕೊಂಡು, ವ್ಯವಹಾರಕ್ಕೆ ಮಾತ್ರ ಬಳಸಿತೆಂದು ಭಾವಿಸೋಣ. ಮೊದಲ ವರ್ಷದ ಸವಕಳಿ 36,000 ರೂಪಾಯಿ. ಉಳಿದ ಮೌಲ್ಯ 2,04,000 ರೂಪಾಯಿ. 2025-26ರಲ್ಲಿ ಈ ಖರ್ಚುಗಳಾದವು:

ಆಯಿಲ್, ಬ್ರೇಕ್, ಕ್ಲಚ್: 18,500
ಪಾಟಾ, ಬುಷ್, ಬೇರಿಂಗ್: 22,000
ಇಂಜಿನ್ ಬೋರಿಂಗ್, ಪಿಸ್ಟನ್: 64,000
ಹವಾನಿಯಂತ್ರಕ (ಜೂನ್ ತಿಂಗಳಲ್ಲಿ): 42,000

ಮೊದಲ ಮೂರು ಬಾಬುಗಳ ಮೊತ್ತ 1,04,500 ರೂಪಾಯಿಯನ್ನು ಅದೇ ವರ್ಷದ ಲಾಭ-ನಷ್ಟ ಖಾತೆಗೆ ಖರ್ಚು ಹಾಕಬೇಕು. ನಾಲ್ಕನೆಯದು ಸ್ವತ್ತಿಗೆ ಸೇರುವುದರಿಂದ ಮೌಲ್ಯ 2,46,000 ರೂಪಾಯಿ, ಸವಕಳಿ 36,900 ರೂಪಾಯಿ, ವರ್ಷಾಂತ್ಯದ ಮೌಲ್ಯ 2,09,100 ರೂಪಾಯಿ ಆಗುತ್ತದೆ.

ಇಂಜಿನ್ನಿನ 64,000 ರೂಪಾಯಿಯನ್ನು ತಪ್ಪಾಗಿ ಸ್ವತ್ತಿಗೆ ಸೇರಿಸಿದ್ದರೆ ಆ ವರ್ಷ ದೊರೆಯುತ್ತಿದ್ದುದು 9,600 ರೂಪಾಯಿಯ ಸವಕಳಿ ಮಾತ್ರ. ಉಳಿದ 54,400 ರೂಪಾಯಿಯ ಮೇಲೆ ಸಂಸ್ಥೆಯು ಶೇ. 31.2ರಂತೆ, ಅಂದರೆ ಸುಮಾರು 16,973 ರೂಪಾಯಿ ತೆರಿಗೆಯನ್ನು ಮುಂಚಿತವಾಗಿ ಕಟ್ಟಿದಂತಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ: ಅದೇ 64,000 ರೂಪಾಯಿಯನ್ನು ಗ್ಯಾರೇಜಿನವರಿಗೆ ಒಂದೇ ದಿನ ನಗದಾಗಿ ಕೊಟ್ಟಿದ್ದರೆ ಇಡೀ ಖರ್ಚು ಅಮಾನ್ಯವಾಗುತ್ತದೆ. ಒಬ್ಬ ವ್ಯಕ್ತಿಗೆ ಒಂದು ದಿನ ಕೊಡುವ ನಗದಿನ ಮಿತಿ 10,000 ರೂಪಾಯಿ. ಸ್ವತ್ತಿನ ಖರೀದಿಗೂ ಇದೇ ಮಿತಿಯಿದ್ದು, ಅದಕ್ಕೆ ಮೀರಿದ ನಗದು ಪಾವತಿಯ ಮೇಲೆ ಸವಕಳಿ ದೊರೆಯದು.

ಅಂದಾಜು ಲಾಭದ (44ಎಡಿ) ಪದ್ಧತಿಯಲ್ಲಿರುವ ವ್ಯಾಪಾರಿಗಳಿಗೆ ದುರಸ್ತಿಯೂ ಸವಕಳಿಯೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಅವು ಅಂದಾಜಿನಲ್ಲಿಯೇ ಅಡಕವಾಗಿವೆ. ಕಮಿಷನ್ ಆದಾಯದ ಅಡತಿ ವ್ಯಾಪಾರಿಗಳಿಗೆ ಆ ಪದ್ಧತಿಯೇ ಅನ್ವಯಿಸುವುದಿಲ್ಲವಾದ್ದರಿಂದ, ಅವರು ಬಿಲ್ಲುಗಳನ್ನು ಇಡಲೇಬೇಕು.

7. ಜಿಎಸ್‌ಟಿ ಮತ್ತು ಮಾರಾಟ

ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ, ಜನರನ್ನು ಒಯ್ಯುವ ವಾಹನದ ಖರೀದಿ, ದುರಸ್ತಿ ಹಾಗೂ ವಿಮೆಯ ಮೇಲಿನ ಜಿಎಸ್‌ಟಿಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆ ತೆರಿಗೆಯನ್ನು ಖರ್ಚಿಗೇ ಸೇರಿಸಬೇಕು. ಸರಕು ಸಾಗಣೆಯ ವಾಹನವೆಂದು ನೋಂದಣಿಯಾದ ಪಿಕಪ್‌ಗಳಿಗೆ ಈ ನಿರ್ಬಂಧವಿಲ್ಲ.

ಜಿಎಸ್‌ಟಿ ನೋಂದಣಿಯುಳ್ಳವರು, ಜಮೆ ಪಡೆಯದ ಹಳೆಯ ವಾಹನವನ್ನು ಮಾರಿದಾಗ ಲಾಭಾಂಶದ ಮೇಲೆ ಮಾತ್ರ ಶೇ. 18ರ ತೆರಿಗೆ ಇದೆ. ಈ ಏಕರೂಪದ ದರ 2025ರ ಜನವರಿಯಲ್ಲಿ ಬಂದಿತು. ಮೇಲಿನ ಜೀಪನ್ನು 2,60,000 ರೂಪಾಯಿಗೆ ಮಾರಿದರೆ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಾದ 50,900 ರೂಪಾಯಿಯ ಮೇಲೆ 9,162 ರೂಪಾಯಿ ತೆರಿಗೆ. 2,00,000 ರೂಪಾಯಿಗೆ ಮಾರಿದರೆ ತೆರಿಗೆಯಿಲ್ಲ.

ಮಾರಿದ ಬಳಿಕ ನೋಂದಣಿ ಪತ್ರದಲ್ಲಿ ಹೆಸರು ಬದಲಾಗುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬಾರದು. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರೆಂದು ಹೇಳಿದೆ. ಜಿಲ್ಲೆ ವಿಭಜನೆಗೆ ಮುಂಚಿನ, ಕೆಎ 32 ಸಂಖ್ಯೆಯ ವಾಹನಗಳು ಕೈಯಿಂದ ಕೈಗೆ ದಾಟಿರುವುದುಂಟು. ಅಂಥವನ್ನು ಹೊಂದಿರುವವರೂ ಮಾರಿದವರೂ ದಾಖಲೆಯನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಅಗತ್ಯ.

8. ಗುಮಾಸ್ತರ ಅಭ್ಯಾಸಕ್ಕಾಗಿ

ಕೆಳಗಿನವುಗಳನ್ನು ಮೂರು ವರ್ಗಗಳಲ್ಲಿ ಗುರುತಿಸಿರಿ: (ಅ) ಅದೇ ಅಳತೆಯ ನಾಲ್ಕು ಟೈರು, (ಆ) ತಯಾರಕರು ಸೂಚಿಸಿದುದಕ್ಕಿಂತ ದೊಡ್ಡ ಅಳತೆಯ ಟೈರು ಮತ್ತು ರಿಮ್ಮು, (ಇ) ಹಿಂದಿಲ್ಲದಿದ್ದ ಹವಾನಿಯಂತ್ರಕ, (ಈ) ಡೀಸೆಲ್ ಇಂಜಿನ್ನಿನ ಸ್ಥಾನದಲ್ಲಿ ಹೆಚ್ಚು ಸಿಸಿಯ ಬೇರೆ ಇಂಜಿನ್.
ಉತ್ತರ: (ಅ) ದುರಸ್ತಿ, (ಇ) ಸುಧಾರಣೆ, (ಆ) ಮತ್ತು (ಈ) ಮಾರ್ಪಾಡು. ಕೊನೆಯ ಎರಡಕ್ಕೆ ವೋಚರು ಬರೆಯುವ ಮುನ್ನ ಅನುಮತಿ ಪತ್ರವನ್ನು ಕೇಳತಕ್ಕದ್ದು.

ಕೊನೆಯದಾಗಿ, ಹಳೆಯ ಜೀಪಿನ ಮಾಲೀಕರು ಈ ತಿಂಗಳೇ ಒಂದು ಕೆಲಸ ಮಾಡಬೇಕೆಂದು ವಿನಂತಿ. ನೋಂದಣಿ ಪತ್ರವನ್ನು ಕೈಯಲ್ಲಿ ಹಿಡಿದು, ಬಾನೆಟ್ ತೆರೆಸಿ, ಇಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ತಾಳೆ ನೋಡಿ, ಆಸನಗಳನ್ನು ಎಣಿಸಿ. ತಾಳೆಯಾದರೆ ನಿಶ್ಚಿಂತೆಯಿಂದ ದುರಸ್ತಿ ಮಾಡಿಸಿ. ತಾಳೆಯಾಗದಿದ್ದರೆ ಇನ್ನೊಂದು ರೂಪಾಯಿ ಹಾಕುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಆದಾಯ ತೆರಿಗೆ ಕಾಯ್ದೆ, 2025ರಲ್ಲಿ ಪ್ರಕರಣಗಳ ಸಂಖ್ಯೆಗಳು ಬದಲಾಗಿರುವುದರಿಂದ, ನಿರ್ದಿಷ್ಟ ಸಂದರ್ಭಗಳಲ್ಲಿ ಸದಸ್ಯ ಬಾಂಧವರು ತಮ್ಮ ಲೆಕ್ಕ ಪರಿಶೋಧಕರೊಡನೆ ಸಮಾಲೋಚಿಸುವುದು ಒಳಿತು.