ಮಿದುಳು ಜ್ವರದ ಮೂಲವನ್ನರಸಿ

ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಗದ್ದೆಗಳಲ್ಲಿ ನೀರು ನಿಂತು, ಭತ್ತದ ಪೈರು ಹಸಿರಾಗಿ ತೂಗುತ್ತಿರುತ್ತದೆ. ನಿನ್ನೆಯವರೆಗೆ ಬಯಲಿನಲ್ಲಿ ಆಡಿ ನಲಿಯುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ತಲೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಎರಡು ಮೂರು ದಿನಗಳಲ್ಲಿ ಮಗುವಿಗೆ ತಾಯಿಯ ಗುರುತೂ ಹತ್ತದಂತಾಗುತ್ತದೆ. ಕೈಕಾಲು ಸೆಟೆದು, ಸೆಳವು ಬಂದು, ಪ್ರಜ್ಞೆ ತಪ್ಪುತ್ತದೆ. ಇಂಥ ಮಗುವನ್ನು ಕಂಡು ‘ಗಾಳಿ ಸೋಕಿದೆ’ ಎಂದು ಹೆದರಿ, ಮಂತ್ರವಾದಿಯ ಮನೆಗೆ ಓಡುತ್ತಿದ್ದವರುಂಟು. ಆದರೆ ಮಗುವಿಗೆ ಸೋಕಿದ್ದು ಗಾಳಿಯಲ್ಲ. ಸೊಳ್ಳೆಯ ಕಡಿತದಿಂದ ದೇಹವನ್ನು ಹೊಕ್ಕ ಒಂದು ವೈರಸ್. ಅದು ತರುವ ರೋಗವೇ ಜಪಾನೀ ಮಿದುಳು ಜ್ವರ.

ಮಿದುಳು ದೇಹದ ಅತ್ಯಂತ ಸುರಕ್ಷಿತವಾದ ಅಂಗ. ಗಟ್ಟಿಯಾದ ತಲೆಬುರುಡೆ ಅದಕ್ಕೆ ಕೋಟೆಯಂತಿದೆ. ಬುರುಡೆಯೊಳಗೆ ಮೂರು ಪೊರೆಗಳು ಅದನ್ನು ಸುತ್ತುವರಿದಿವೆ. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿರುವ ಜೀವಕೋಶಗಳು ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡು, ರಕ್ತದಲ್ಲಿರುವ ಎಲ್ಲ ವಸ್ತುಗಳೂ ಒಳಕ್ಕೆ ನುಗ್ಗದಂತೆ ತಡೆಯುತ್ತವೆ. ಆದುದರಿಂದಲೇ ಈ ವೈರಸ್ ತಗುಲಿದವರೆಲ್ಲರಿಗೂ ಮಿದುಳು ಜ್ವರ ಬರುವುದಿಲ್ಲ. ಸುಮಾರು 250 ಮಂದಿಗೆ ಸೋಂಕು ತಗುಲಿದರೆ ಅವರಲ್ಲಿ ಒಬ್ಬರಿಗೆ ಮಾತ್ರ ರೋಗ ಉಲ್ಬಣಿಸುತ್ತದೆ. ಉಳಿದವರಿಗೆ ಸಾಮಾನ್ಯ ಜ್ವರ ಬಂದು ಹೋಗಬಹುದು, ಅಥವಾ ಸೋಂಕು ತಗುಲಿದ ಅರಿವೇ ಆಗದಿರಬಹುದು.

ಆದರೆ ವೈರಸ್ ಒಮ್ಮೆ ಈ ತಡೆಯನ್ನು ದಾಟಿತೆಂದರೆ, ಕಾಪಾಡಬೇಕಾದ ಕೋಟೆಯೇ ಸೆರೆಮನೆಯಾಗುತ್ತದೆ. ವೈರಸ್ ನರಕೋಶಗಳನ್ನು ಹೊಕ್ಕು ಅಲ್ಲಿಯೇ ವೃದ್ಧಿಯಾಗಿ ಅವನ್ನು ನಾಶಮಾಡುತ್ತದೆ. ಅದನ್ನು ಎದುರಿಸಲೆಂದು ದೇಹದ ರಕ್ಷಣಾಕೋಶಗಳು ಧಾವಿಸಿ ಬರುತ್ತವೆ. ಉರಿಯೂತ ಉಂಟಾಗಿ ಮಿದುಳು ಊದಿಕೊಳ್ಳುತ್ತದೆ. ಬೇರೆ ಅಂಗವಾಗಿದ್ದರೆ ಊತಕ್ಕೆ ಸ್ಥಳವಿರುತ್ತಿತ್ತು. ಬುರುಡೆ ಹಿಗ್ಗದು, ಆದ ಕಾರಣ ಒಳಗಿನ ಒತ್ತಡ ಏರಿ, ಉಸಿರಾಟವನ್ನು ನಡೆಸುವ ಕೇಂದ್ರಕ್ಕೂ ಅಪಾಯ ಒದಗುತ್ತದೆ. ಈ ವೈರಸ್ ವಿಶೇಷವಾಗಿ ಮಿದುಳಿನ ಆಳದಲ್ಲಿರುವ ಥಲಾಮಸ್ ಮತ್ತು ಅದರ ನೆರೆಯ ಭಾಗಗಳನ್ನು ಹಾನಿಗೊಳಿಸುತ್ತದೆ. ಈ ಭಾಗಗಳು ನಮ್ಮ ಚಲನವಲನಗಳನ್ನು ಹದವಾಗಿಡುವಂಥವು. ಆದುದರಿಂದ ಕೆಲವು ರೋಗಿಗಳ ಮುಖ ಭಾವವಿಲ್ಲದೆ ಮರಗಟ್ಟಿದಂತೆ ಕಾಣುತ್ತದೆ, ಕೈಗಳು ನಡುಗುತ್ತವೆ, ಅಂಗಾಂಗಗಳು ಬಿಗಿಯುತ್ತವೆ. ರೋಗ ಉಲ್ಬಣಿಸಿದ ನೂರು ಮಂದಿಯಲ್ಲಿ ಮೂವತ್ತರವರೆಗೆ ಸಾವು ಸಂಭವಿಸಬಹುದು. ಬದುಕಿ ಉಳಿದವರಲ್ಲಿಯೂ ಹಲವರಿಗೆ ಮಾತು, ಚಲನೆ ಅಥವಾ ಬುದ್ಧಿಶಕ್ತಿಯ ಕುಂದು ಶಾಶ್ವತವಾಗಿ ನಿಲ್ಲುತ್ತದೆ. ಸತ್ತ ನರಕೋಶದ ಸ್ಥಾನಕ್ಕೆ ಹೊಸ ಕೋಶ ಬಾರದಿರುವುದೇ ಇದಕ್ಕೆ ಮುಖ್ಯ ಕಾರಣ.

ಈ ರೋಗದ ಗುಟ್ಟನ್ನು ಬಿಡಿಸಿದ ಕಥೆ ದೀರ್ಘವಾದುದು. ಜಪಾನಿನಲ್ಲಿ 1871ರಿಂದಲೇ ಇದರ ಉಲ್ಲೇಖಗಳಿವೆ. 1924ರಲ್ಲಿ ಅಲ್ಲಿ ಭೀಕರವಾದ ಪಿಡುಗು ಹಬ್ಬಿ, ಆರು ಸಾವಿರಕ್ಕೂ ಹೆಚ್ಚು ಮಂದಿ ರೋಗಕ್ಕೆ ಈಡಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಡಿದರು. 1935ರಲ್ಲಿ ಟೋಕಿಯೋ ನಗರದಲ್ಲಿ, ಈ ರೋಗದಿಂದ ಮೃತಪಟ್ಟವರ ಮಿದುಳಿನಿಂದ ವೈರಸನ್ನು ಬೇರ್ಪಡಿಸಲಾಯಿತು. ಕೆಲವೇ ವರ್ಷಗಳಲ್ಲಿ ಅದು ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳಲ್ಲಿಯೂ ದೊರಕಿತು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟಿ ಬೆಳೆಯುವ ಈ ಸೊಳ್ಳೆಗಳು ಮುಸ್ಸಂಜೆಯ ಹೊತ್ತಿನಲ್ಲಿ ಮತ್ತು ರಾತ್ರಿಯಲ್ಲಿ ಕಚ್ಚುತ್ತವೆ. ಮುಂದೆ 1950ರ ದಶಕದ ಅಧ್ಯಯನಗಳು ವೈರಸಿನ ನಿಜವಾದ ನೆಲೆಯನ್ನು ತೋರಿಸಿಕೊಟ್ಟವು. ಕೊಕ್ಕರೆ, ಬೆಳ್ಳಕ್ಕಿಗಳಂಥ ನೀರುಹಕ್ಕಿಗಳು ಅದರ ಸಹಜ ಆಶ್ರಯಗಳು. ಹಂದಿಯ ದೇಹದಲ್ಲಿ ಅದು ಅಪಾರವಾಗಿ ವೃದ್ಧಿಯಾಗುತ್ತದೆ. ಹಂದಿಯನ್ನು ಕಚ್ಚಿದ ಸೊಳ್ಳೆ ಅದನ್ನು ಮನುಷ್ಯನಿಗೆ ತಲುಪಿಸುತ್ತದೆ. ಮನುಷ್ಯನ ರಕ್ತದಲ್ಲಿ ಮಾತ್ರ ವೈರಸ್ ಬಹಳ ಅಲ್ಪ ಪ್ರಮಾಣದಲ್ಲಿರುವುದರಿಂದ, ಆತನನ್ನು ಕಚ್ಚಿದ ಸೊಳ್ಳೆಯಿಂದ ರೋಗ ಮುಂದಕ್ಕೆ ಹರಡುವುದಿಲ್ಲ. ಆದುದರಿಂದ ರೋಗಿಯ ಬಳಿ ಕುಳಿತು ಶುಶ್ರೂಷೆ ಮಾಡಲು ಯಾರೂ ಅಂಜಬೇಕಾಗಿಲ್ಲ.

ಭಾರತದಲ್ಲಿ ಈ ರೋಗ ಮನುಷ್ಯರಲ್ಲಿ ಮೊದಲು ಪತ್ತೆಯಾದುದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನ ಸುತ್ತಿನಲ್ಲಿ. 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ ಮತ್ತು ಬರ್ದ್ವಾನ್ ಜಿಲ್ಲೆಗಳಲ್ಲಿ ಅದು ದೊಡ್ಡ ಪಿಡುಗಾಗಿ ಕಾಣಿಸಿಕೊಂಡಿತು. 1970ರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಕೋಲಾರ ಜಿಲ್ಲೆಯೂ ಅದರ ಹಾವಳಿಗೆ ತುತ್ತಾಯಿತು. 2005ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಮಿದುಳು ಜ್ವರಕ್ಕೆ ಬಲಿಯಾದರು.

ರೋಗದ ಕಾರಣ ತಿಳಿದ ಮಾತ್ರಕ್ಕೆ ಮದ್ದು ದೊರಕಿದಂತಾಗುವುದಿಲ್ಲ. ಇಲ್ಲಿಯೇ ವೈದ್ಯಕೀಯ ಸಂಶೋಧನೆಯ ಕಠಿಣವಾದ ದಾರಿ ಆರಂಭವಾಗುತ್ತದೆ. ಮಿದುಳಿನ ಊತವನ್ನು ಇಳಿಸುವ ಸ್ಟೀರಾಯ್ಡ್ ಔಷಧದಿಂದ ರೋಗಿಗಳು ಉಳಿಯಬಹುದೆಂದು ಅನೇಕ ವೈದ್ಯರು ನಂಬಿದ್ದರು. ಊಹೆ ಯುಕ್ತವಾಗಿಯೇ ಇತ್ತು. ಆದರೆ ಔಷಧ ಕೊಟ್ಟ ರೋಗಿ ಗುಣಹೊಂದಿದರೆ ಅದು ಔಷಧದ ಫಲವೋ, ಅಥವಾ ರೋಗಿ ತಾನಾಗಿಯೇ ಚೇತರಿಸಿಕೊಂಡನೋ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಥಾಯ್ಲೆಂಡಿನ ಸಂಶೋಧಕರು ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಯಾರ ಇಷ್ಟಕ್ಕೂ ಬಿಡಲಿಲ್ಲ. ಒಂದು ಗುಂಪಿಗೆ ಸ್ಟೀರಾಯ್ಡನ್ನೂ ಇನ್ನೊಂದಕ್ಕೆ ಔಷಧವಿಲ್ಲದ ದ್ರಾವಣವನ್ನೂ ಕೊಟ್ಟರು. ಉಳಿದ ಆರೈಕೆಯೆಲ್ಲ ಇಬ್ಬರಿಗೂ ಸಮಾನವಾಗಿತ್ತು. 1992ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆಯನ್ನು ತಂದಿತು. ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಮುಂದೆ ವಿಯೆಟ್ನಾಮಿನ ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಇಂಟರ್‌ಫೆರಾನ್ ಎಂಬ ಔಷಧವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಲಾಯಿತು. 2003ರಲ್ಲಿ ಹೊರಬಂದ ಆ ಫಲಿತಾಂಶವೂ ಅಂತೆಯೇ ಇತ್ತು.

ಇಂಥ ಪ್ರಯೋಗಗಳನ್ನು ಸೋಲೆಂದು ಕರೆಯುವುದು ಸರಿಯಲ್ಲ. ನಿಷ್ಫಲವಾದ ಔಷಧವನ್ನು ಫಲಕಾರಿಯೆಂದು ನಂಬಿ ಸಾವಿರಾರು ಮಕ್ಕಳಿಗೆ ಕೊಡುವುದಕ್ಕಿಂತ, ಅದು ನಿಷ್ಫಲವೆಂದು ಪ್ರಾಮಾಣಿಕವಾಗಿ ತಿಳಿಯುವುದು ಮೇಲು. ಮಗುವನ್ನು ಆಸ್ಪತ್ರೆಗೆ ತರುವ ಹೊತ್ತಿಗೆ ಮಿದುಳಿಗೆ ಬಹುಮಟ್ಟಿನ ಹಾನಿ ಆಗಿಹೋಗಿರುತ್ತದೆ. ಆದುದರಿಂದ ರೋಗ ಬಾರದಂತೆ ತಡೆಯುವುದೇ ನಿಜವಾದ ಉಪಾಯವೆಂಬುದು ಇವುಗಳಿಂದ ಇನ್ನಷ್ಟು ದೃಢವಾಯಿತು.

ತಡೆಯುವ ಉಪಾಯದ ಪರೀಕ್ಷೆ ಥಾಯ್ಲೆಂಡಿನಲ್ಲಿ ಅದಕ್ಕೆ ಮೊದಲೇ ನಡೆದಿತ್ತು. 1984ರಲ್ಲಿ ಅಲ್ಲಿನ ಕಾಂಫೇಂಗ್ ಫೆಟ್ ಪ್ರಾಂತದಲ್ಲಿ 65,224 ಮಕ್ಕಳನ್ನು ಮೂರು ಗುಂಪುಗಳಾಗಿ ಮಾಡಿದರು. ಎರಡು ಗುಂಪುಗಳಿಗೆ ಮಿದುಳು ಜ್ವರದ ಎರಡು ಬಗೆಯ ಲಸಿಕೆಗಳನ್ನು ಹಾಕಿದರು. ಮೂರನೆಯ ಗುಂಪಿನ ಮಕ್ಕಳಿಗೂ ಏನಾದರೊಂದು ಪ್ರಯೋಜನ ದೊರೆಯಲೆಂದು ಧನುರ್ವಾಯುವಿನ ಲಸಿಕೆಯನ್ನು ಹಾಕಿದರು. ಎರಡು ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ಮೂರನೆಯ ಗುಂಪಿನಲ್ಲಿ ಲಕ್ಷಕ್ಕೆ 51ರಂತೆ ರೋಗ ಕಂಡುಬಂದಿದ್ದರೆ, ಮಿದುಳು ಜ್ವರದ ಲಸಿಕೆ ಪಡೆದ ಗುಂಪುಗಳಲ್ಲಿ ಅದು ಲಕ್ಷಕ್ಕೆ 5ರಷ್ಟು ಮಾತ್ರ ಇತ್ತು. ಲಸಿಕೆಯ ಶಕ್ತಿ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಯಿತು.

ಭಾರತದಲ್ಲಿ 2006ರಲ್ಲಿ ರೋಗದ ಭೀತಿ ಹೆಚ್ಚಾಗಿದ್ದ ಜಿಲ್ಲೆಗಳ ಮಕ್ಕಳಿಗೆ ಲಸಿಕೆ ಹಾಕುವ ದೊಡ್ಡ ಕಾರ್ಯ ಆರಂಭವಾಯಿತು. ಆ ಜಿಲ್ಲೆಗಳಲ್ಲಿ ಕರ್ನಾಟಕದ ಬಳ್ಳಾರಿಯೂ ಒಂದಾಗಿತ್ತು. ಆಗ ಬಳಸಿದ ಲಸಿಕೆ ಚೀನಾ ದೇಶದಿಂದ ಬಂದುದಾಗಿತ್ತು. ನಮ್ಮ ದೇಶದಲ್ಲಿಯೇ ದೊರೆತ ವೈರಸಿನಿಂದ ಲಸಿಕೆಯನ್ನು ತಯಾರಿಸುವ ಪ್ರಯತ್ನವೂ ನಡೆದಿತ್ತು. 1980ರ ದಶಕದ ಆರಂಭದಲ್ಲಿ ಕೋಲಾರದಲ್ಲಿ ಬೇರ್ಪಡಿಸಿದ್ದ ವೈರಸನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಜೋಪಾನವಾಗಿ ಕಾದಿರಿಸಿತ್ತು. ಆ ವೈರಸನ್ನು ನಿಷ್ಕ್ರಿಯಗೊಳಿಸಿ ಹೈದರಾಬಾದಿನಲ್ಲಿ ತಯಾರಿಸಿದ ‘ಜೆನ್‌ವ್ಯಾಕ್’ ಲಸಿಕೆ 2013ರಲ್ಲಿ ಬಳಕೆಗೆ ಬಂದಿತು. ಒಂದು ಕಾಲಕ್ಕೆ ಕೋಲಾರದ ಮನೆಗಳಲ್ಲಿ ಕಣ್ಣೀರು ತರಿಸಿದ ವೈರಸ್, ಮೂವತ್ತು ವರ್ಷಗಳ ಬಳಿಕ ಮಕ್ಕಳಿಗೆ ರಕ್ಷೆಯಾಯಿತು.

ಇಂದು ಮಿದುಳು ಜ್ವರದ ಸಂಶಯ ಬಂದಾಗ ವೈದ್ಯರು ಬೆನ್ನುಮೂಳೆಯ ನಡುವಿನಿಂದ ಕೆಲವು ಹನಿ ದ್ರವವನ್ನು ತೆಗೆದು, ಅದರಲ್ಲಿ ಈ ವೈರಸಿಗೆ ಎದುರಾಗಿ ಹುಟ್ಟಿದ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ಇಂಥ ಪರೀಕ್ಷೆ, ಸಂಶೋಧನೆಗಳು ನಡೆಯುತ್ತವೆ. ವೈರಸನ್ನು ನೇರವಾಗಿ ಕೊಲ್ಲುವ ಔಷಧವಿಲ್ಲದಿದ್ದರೂ, ಸೆಳವನ್ನು ತಡೆದು, ಉಸಿರಾಟಕ್ಕೆ ನೆರವಾಗಿ, ಮಿದುಳಿನ ಒತ್ತಡವನ್ನು ತಗ್ಗಿಸಿದರೆ ಅನೇಕ ಜೀವಗಳು ಉಳಿಯುತ್ತವೆ. ಆದುದರಿಂದ ಜ್ವರದೊಡನೆ ಸೆಳವೋ ಪ್ರಜ್ಞಾಹೀನತೆಯೋ ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವುದು, ಸೊಳ್ಳೆಪರದೆ ಕಟ್ಟಿ ಮಲಗುವುದು, ಹಂದಿಗಳನ್ನು ವಾಸದ ಮನೆಗಳಿಂದ ದೂರದಲ್ಲಿ ಸಾಕುವುದು, ಇವು ಪ್ರತಿಯೊಂದು ಊರೂ ಕೈಗೊಳ್ಳಬಹುದಾದ ಕಾರ್ಯಗಳು. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ದುಡಿದುದು ಸಾರ್ಥಕವಾಗಬೇಕಾದರೆ, ಅವನು ಕಂಡುಕೊಂಡ ಸತ್ಯ ಗದ್ದೆಯ ಬದಿಯ ಮನೆಯವರೆಗೂ ತಲುಪಬೇಕು. ಹಾಗೆ ತಲುಪಿಸುವ ಹೊಣೆ ವಿದ್ಯಾವಂತರಾದ ಎಲ್ಲರ ಮೇಲೂ ಇದೆ.