ಬಾವಿಯನ್ನು ಕೈಬಿಡಬೇಡ, ಮಗಾ

ಲಕ್ಷದ್ವೀಪದ ಕವರತ್ತಿಯಲ್ಲಿ ಕೆಲಸ ಸಿಕ್ಕಿದ ಸುದ್ದಿ ಕೇಳಿ ತುಂಬ ಸಂತೋಷವಾಯಿತು. ಹೊರಡುವ ಮೊದಲು ಒಂದಿಷ್ಟು ಮಾತು ಹೇಳಬೇಕಾಗಿದೆ, ದೊಡ್ಡಪ್ಪನ ಉಪದೇಶ ಎಂದು ಬದಿಗಿಡಬೇಡ. ನೀನು ಕಟ್ಟಲು ಹೊರಟಿರುವುದು ಪ್ರವಾಸಿಗರ ಕಾಟೇಜು. ಗೋಡೆ, ಮಾಡು ಎಲ್ಲ ಚೆನ್ನಾಗಿಯೇ ಮಾಡುತ್ತಿ, ಅದರಲ್ಲಿ ನನಗೆ ಸಂಶಯವಿಲ್ಲ. ಆ ಕಾಟೇಜಿನ ನಲ್ಲಿಗೆ ನೀರು ಎಲ್ಲಿಂದ ತರುತ್ತಿ ಎಂಬುದೇ ನನ್ನ ಚಿಂತೆ.

ಲಕ್ಷದ್ವೀಪ ನಮಗೆ ಹೊರಗಿನದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಸಿಮೆಂಟು, ಜಲ್ಲಿ, ತರಕಾರಿ ಹೇರಿಕೊಂಡು ಮಂಜಿಗಳು ಅಲ್ಲಿಗೆ ಹೋಗುತ್ತವೆ. 36 ದ್ವೀಪಗಳನ್ನು ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರು. ಜನ ಇರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಲ್ಲಿ 64,473 ಮಂದಿ. ಹೊಳೆಯಿಲ್ಲ, ತೋಡಿಲ್ಲ, ಗುಡ್ಡವಿಲ್ಲ. ಸಮುದ್ರಮಟ್ಟದಿಂದ ನಾಲ್ಕಾರು ಮೀಟರು ಮೇಲೆ ಹವಳದ ಮರಳು, ಅಷ್ಟೇ.

ಆದರೂ ಮನೆ ಮನೆಗೆ ಬಾವಿ ಇದೆ. ಅಲ್ಲಿಗೆ ಹೋದ ಕೂಡಲೇ ಒಂದು ಬಾವಿಯ ಹತ್ತಿರ ಅರ್ಧ ದಿನ ಕೂತು ನೋಡು. ನಮ್ಮ ಮುರಕಲ್ಲಿನ ಬಾವಿಯಂತೆ ಆಳವಿಲ್ಲ, ಬಗ್ಗಿದರೆ ನೀರು ಹತ್ತಿರದಲ್ಲೇ ಕಾಣುತ್ತದೆ. ಬಾವಿಯ ಗೋಡೆಗೆ ಒಂದು ಗುರುತು ಹಾಕು. ಭರತದ ಹೊತ್ತಿಗೆ ನೀರು ಮೇಲೇರುತ್ತದೆ, ಇಳಿತದ ಹೊತ್ತಿಗೆ ತಗ್ಗುತ್ತದೆ. 1836ರಲ್ಲಿ ಕೀಲಿಂಗ್ ದ್ವೀಪಕ್ಕೆ ಹೋದ ಚಾರ್ಲ್ಸ್ ಡಾರ್ವಿನ್ ಕೂಡ ಇಂಥ ಬಾವಿಗಳ ವಿಷಯ ಬರೆದಿಟ್ಟಿದ್ದಾನೆ. ಸಮುದ್ರದ ಜೊತೆ ಏರಿಳಿಯುವ ಈ ನೀರು ಕುಡಿದು ನೋಡಿದರೆ ಸಿಹಿ.

ಅದರ ಕಾರಣ ನಿನ್ನ ಮನಸ್ಸಿನಲ್ಲಿ ಸರಿಯಾಗಿ ಕೂರಬೇಕು. ಸುರಿದ ಮಳೆ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ನಿಲ್ಲುತ್ತದೆ. ಸಿಹಿನೀರು ಹಗುರ, ಸಮುದ್ರದ ನೀರು ನೂರಕ್ಕೆ ಎರಡೂವರೆ ಪಾಲು ಭಾರ. ಈ ಸಣ್ಣ ವ್ಯತ್ಯಾಸವೇ ದ್ವೀಪದ ಬದುಕು. ಡಚ್ಚರ ಬಾಡೋನ್ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬ ಇಬ್ಬರು ನೂರು ವರ್ಷಕ್ಕೂ ಹಿಂದೆ ಕಂಡುಕೊಂಡ ಲೆಕ್ಕ ನೀನು ಕಾಲೇಜಿನಲ್ಲಿ ಓದಿರಬಹುದು: ಸಮುದ್ರಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ. ನಿಜವಾದ ದ್ವೀಪದಲ್ಲಿ ಭರತ ಇಳಿತಗಳು ಕಲಕಿ ಕಲಕಿ ಅಷ್ಟು ದಪ್ಪ ಉಳಿಯುವುದಿಲ್ಲ, ನಡುವೆ ಚಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ಒಂದು ಪದರ ಬಂದುಬಿಡುತ್ತದೆ.

ಈಗ ಅದೇ ಲೆಕ್ಕವನ್ನು ತಿರುಗಿಸಿ ಹಾಕು. ಮೋಟಾರು ಇಟ್ಟು ಬಾವಿಯ ನೀರನ್ನು ಹತ್ತು ಸೆಂಟಿಮೀಟರು ಇಳಿಸಿದೆ ಎಂದುಕೋ. ಅಡಿಯಿಂದ ಉಪ್ಪುನೀರು ನಾಲ್ಕು ಮೀಟರಿನಷ್ಟು ಮೇಲೇರಲು ದಾರಿಯಾಯಿತು. ಕೊಡಪಾನದಲ್ಲಿ ಸೇದುವಾಗ ಮೇಲಿನ ನೀರು ಬರುತ್ತಿತ್ತು, ಸೇದಿದಷ್ಟು ಬದಿಯಿಂದ ನಿಧಾನವಾಗಿ ತುಂಬುತ್ತಿತ್ತು. ಮೋಟಾರಿಗೆ ಆ ತಾಳ್ಮೆಯಿಲ್ಲ. ನೂರು ಲೋಟ ಒಳ್ಳೆಯ ನೀರಿಗೆ ಎರಡು ಲೋಟ ಸಮುದ್ರದ ನೀರು ಬೆರೆತರೂ ಸಾಕು, ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಂ ಎಂಬ ನಮ್ಮ ಕುಡಿಯುವ ನೀರಿನ ಮಿತಿ ದಾಟಿಹೋಗುತ್ತದೆ. ಊರಲ್ಲಾದರೆ ನೀರು ಬತ್ತಿದಾಗ ಇನ್ನೂ ನಾಲ್ಕು ಅಡಿ ತೋಡಿಸು ಎನ್ನುತ್ತೇವೆ, ಕೊಳವೆಬಾವಿ ಕೊರೆಸುತ್ತೇವೆ. ಆ ಬುದ್ಧಿಯನ್ನು ದ್ವೀಪಕ್ಕೆ ಒಯ್ಯಬೇಡ, ಅಲ್ಲಿ ಆಳಕ್ಕೆ ಹೋದಷ್ಟೂ ಸಿಗುವುದು ಉಪ್ಪು. ಕಿರಿಬಾಸ್ ದೇಶದ ತರಾವಾದಲ್ಲಿ ಆಳಕ್ಕೆ ತೋಡದೆ, ತೂತು ಕೊಳವೆಗಳನ್ನು ನೆಲದಡಿ ಅಡ್ಡಲಾಗಿ ಉದ್ದಕ್ಕೆ ಹಾಸಿ, ಮೇಲುಪದರದ ನೀರನ್ನು ಹಗುರವಾಗಿ ತೆಗೆಯುತ್ತಾರೆ. ಪಂಪು ಬೇಕೇ ಬೇಕಾದರೆ ಆ ದಾರಿ ಕಲಿತುಕೋ.

ಇನ್ನೊಂದು ವೈರಿ ಕಕ್ಕಸಿನ ಗುಂಡಿ. ಹವಳದ ಮರಳು ಏನನ್ನೂ ಹಿಡಿದಿಡುವುದಿಲ್ಲ, ಮಳೆಯನ್ನು ಎಷ್ಟು ಬೇಗ ಇಳಿಸಿಕೊಳ್ಳುತ್ತದೋ ಹೊಲಸನ್ನೂ ಅಷ್ಟೇ ಬೇಗ. ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನರಿರುವ ಕಡೆ ಬಾವಿಗೂ ಗುಂಡಿಗೂ ಎಷ್ಟು ದೂರ ಬಿಡಲಾದೀತು? ನಿನ್ನ ಕಾಟೇಜಿನ ಸೆಪ್ಟಿಕ್ ಟ್ಯಾಂಕಿನ ನೀರು ಪಕ್ಕದ ಮನೆಯವರ ಬಾವಿಗೆ ಹೋಗಿಯೇ ಹೋಗುತ್ತದೆ ಎಂದುಕೊಂಡೇ ನಕ್ಷೆ ಬರೆ.

ಸಮುದ್ರ ಏರುತ್ತಿದೆ, ನಾವು ಇದನ್ನೆಲ್ಲ ಮಾಡಿ ಏನು ಪ್ರಯೋಜನ ಎಂದು ಕೇಳುತ್ತಿ, ಗೊತ್ತು. ಏರುತ್ತಿರುವುದು ನಿಜ. ಹವಳದ ದಿಬ್ಬ ಸಾಯುತ್ತಿರುವುದೂ ನಿಜ. ನೀರು ಕಾದು 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಅಲೆಯ ಸೊಕ್ಕು ಮುರಿಯುವುದೇ ಆ ದಿಬ್ಬ. ಅದು ಸವೆದಂತೆ ಬಿರುಗಾಳಿಯ ದಿನ ಅಲೆ ನೆಲದ ಮೇಲೇ ಹಾಯುತ್ತದೆ, ಉಪ್ಪು ಮೇಲಿನಿಂದ ಇಳಿಯುತ್ತದೆ. 2005ರಲ್ಲಿ ಪರ್ಸಿ ಚಂಡಮಾರುತ ಕುಕ್ ದ್ವೀಪಗಳ ಪುಕಾಪುಕಾ ಮೇಲೆ ಹಾಯ್ದಾಗ ಅಲ್ಲಿನ ನೆಲದಡಿಯ ನೀರು ಮತ್ತೆ ಕುಡಿಯುವಂತಾಗಲು ಸುಮಾರು 11 ತಿಂಗಳು ಬೇಕಾಯಿತು. ಮಾರ್ಷಲ್ ದ್ವೀಪಗಳನ್ನು ನೋಡಿ 2018ರಲ್ಲಿ ವಿಜ್ಞಾನಿಗಳು ಬರೆದದ್ದೂ ಇದನ್ನೇ: ದ್ವೀಪ ಮುಳುಗುವುದಕ್ಕೆ ಎಷ್ಟೋ ಮೊದಲು, ಈ ಶತಮಾನದ ನಡುವಿಗೇ, ಅಲೆ ಪದೇ ಪದೇ ಹಾಯ್ದು ಕುಡಿಯುವ ನೀರು ಕೆಟ್ಟು ಬಾಳುವುದು ಕಷ್ಟವಾದೀತು. ಆ ದಿನ ಬಂದಾಗ ದಪ್ಪ ಪದರವಿರುವ ಬಾವಿ ಚೇತರಿಸಿಕೊಳ್ಳಬಹುದು. ಮೋಟಾರು ಹಿಂಡಿ ತೆಳ್ಳಗೆ ಮಾಡಿಟ್ಟ ಬಾವಿ ಏಳುವುದಿಲ್ಲ. ಅದಕ್ಕೇ ನಿನ್ನ ಕೈಯ ಕೆಲಸ ಮುಖ್ಯ ಎನ್ನುತ್ತೇನೆ.

ಉಪ್ಪು ತೆಗೆಯುವ ಯಂತ್ರ ಇದೆಯಲ್ಲ ಎನ್ನುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಇದೆ, ಮತ್ತು ಅದು ನಮ್ಮವರು ಹೆಮ್ಮೆಪಡುವಂಥ ಕೆಲಸ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಿದ ಘಟಕ, ಮೇಲಿನ ಬಿಸಿ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳ ಸಮುದ್ರದ ತಣ್ಣೀರಿನಿಂದ ಅದನ್ನು ತಣಿಸಿ, ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಕೊಡುವಂಥದ್ದು. ಆದರೆ ಭಾಗಿಸಿ ನೋಡು. 2011ರ ಲೆಕ್ಕದಲ್ಲಿ ಕವರತ್ತಿಯ ಜನಸಂಖ್ಯೆ ಸುಮಾರು 11 ಸಾವಿರ, ತಲೆಗೆ ಒಂಬತ್ತು ಲೀಟರು. ಕುಡಿಯಲು, ಅಡುಗೆಗೆ ಆಯಿತು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬಾವಿಯೇ ಬೇಕು.

ಯಂತ್ರವನ್ನೇ ನಂಬಿದ ಮಾಲ್ಡೀವ್ಸ್‌ನ ಮಾಲೆ ನಗರದ ಗತಿ ನೋಡು. ಅಲ್ಲಿ ನೆಲದಡಿಯ ನೀರು ಹಿಂದೆಯೇ ಕೆಟ್ಟುಹೋಗಿತ್ತು. 2014ರ ಡಿಸೆಂಬರ್ 4ರಂದು ನೀರಿನ ಘಟಕಕ್ಕೆ ಬೆಂಕಿ ಬಿತ್ತು, ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು. ಭಾರತ ವಿಮಾನದಲ್ಲಿ, ಯುದ್ಧನೌಕೆಯಲ್ಲಿ ನೀರು ಕಳುಹಿಸಬೇಕಾಯಿತು. ಸುತ್ತಲೂ ನೀರಿರುವ ಊರಿಗೆ ಆಕಾಶದಿಂದ ಬಾಟಲಿ ಇಳಿಸಿದ ದಿನ ಅದು.

ಹಾಗಾಗಿ ಹೇಳುತ್ತೇನೆ ಮಗಾ, ಯಂತ್ರ ಬರಲಿ, ಬಾವಿ ಸಾಯದಿರಲಿ. ಅಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರು ಮಳೆ ಬೀಳುತ್ತದೆ, ಮಂಗಳೂರಿನ ಅರ್ಧಕ್ಕೂ ಕಡಿಮೆ, ಆದರೆ ಮಾಡಿನ ಮೇಲೆ ಬೀಳುವುದನ್ನು ಹಿಡಿದರೆ ದೊಡ್ಡ ಆಸರೆ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಿಗೆ ಸಾಕಾಗುವಷ್ಟು ದೊಡ್ಡ ಟ್ಯಾಂಕು ಕಟ್ಟಿಸು. ಪ್ರವಾಸಿಗರು ಬರುವುದೂ ಆ ತಿಂಗಳುಗಳಲ್ಲೇ. ಉಪ್ಪಿನಂಶ ಅಳೆಯುವ ಸಣ್ಣ ಮೀಟರು ಒಯ್ಯಿ, ಸುತ್ತಲಿನ ಬಾವಿಗಳ ನೀರನ್ನು ವಾರಕ್ಕೊಮ್ಮೆ ಅಳೆದು ಬರೆದಿಡು, ಆ ಪುಸ್ತಕವನ್ನು ಬಾವಿಯ ಮನೆಯವರಿಗೂ ತೋರಿಸು. ಮಳೆನೀರಿನ ಟ್ಯಾಂಕಿಗೆ ಜಾಗವಿಲ್ಲದ ನಕ್ಷೆಯನ್ನು ಯಾರೇ ತಂದು ಮುಂದಿಟ್ಟರೂ ನೀನು ಸಹಿ ಹಾಕಬೇಡ.